ಟ್ಯಾಂಕಿನ ಕೆಳಗಿನ ಮನೆಯಲ್ಲಿ ಫ್ರಂಟ್‌ಲೋಡ್ ವಾಷಿಂಗ್ ಮೆಷಿನ್

ಬಟ್ಟೆ ಒಗೆಯುವ ವಿಷಯದಲ್ಲಿ ಈ 7 ಕೆ.ಜಿ. ಯಂತ್ರದ ಮೇಲೆ ನನಗೆ ಯಾವ ದೂರೂ ಇಲ್ಲ. ದೂರಿರುವುದು ಅದಕ್ಕೆ ನೀರು ಸಾಲದೆ ಬರುವುದರ ಬಗ್ಗೆ. ವಿಜಯನಗರದ ನಮ್ಮ ಬಾಡಿಗೆ ಮನೆ 3ನೇ ಮಹಡಿಯಲ್ಲಿದ್ದು, ಟ್ಯಾಂಕು ಸರಿಯಾಗಿ ನಮ್ಮ ತಾರಸಿಯ ಮೇಲೆಯೇ ಇದೆ. ಯಂತ್ರಕ್ಕೆ ಕನಿಷ್ಠ 0.5 ಬಾರ್ ಒತ್ತಡ ಬೇಕೆಂದು ಕೈಪಿಡಿ ಹೇಳುತ್ತದೆ, ಅಂದರೆ ಟ್ಯಾಂಕು ನಲ್ಲಿಗಿಂತ ಸುಮಾರು 5 ಮೀಟರ್ ಎತ್ತರದಲ್ಲಿರಬೇಕು. ನಮ್ಮಲ್ಲಿ ಅದರ ಅರ್ಧವೂ ಇಲ್ಲದ ಕಾರಣ, ಯಂತ್ರ ಸ್ವಲ್ಪ ಹೊತ್ತು ಕಾದು, ಬೀಪ್ ಎಂದು ಕೂಗಿ ನಿಂತುಬಿಡುತ್ತದೆ.

ಸರ್ವಿಸ್‌ಗೆ ಬಂದವರು "ಮೆಷಿನ್ ಸರಿಯಾಗೇ ಇದೆ ಸಾರ್, ಪ್ರೆಷರ್ ಪಂಪ್ ಹಾಕಿಸ್ಕೊಳ್ಳಿ" ಎಂದು ಹೇಳಿ ಹೋದರು. 10 ತಿಂಗಳ ಅಡ್ವಾನ್ಸ್ ಕೊಟ್ಟಿರುವ ಮನೆಗೆ ಪಂಪನ್ನೂ ನಾವೇ ಹಾಕಿಸುವ ಮನಸ್ಸು ನನಗಿಲ್ಲ, ಮಾಲೀಕರಿಗಂತೂ ಇಲ್ಲವೇ ಇಲ್ಲ.

ಹಾಗಾಗಿ ತಾತ್ಕಾಲಿಕ ಉಪಾಯಗಳೇ ನಮ್ಮ ದಿನಚರಿಯಾಗಿವೆ. ನಲ್ಲಿ ನಿಲ್ಲಿಸಿ, ಹಿಂಬದಿಯ ಪೈಪು ಬಿಚ್ಚಿ, ಒಳಗಿರುವ ಪುಟ್ಟ ಜಾಲರಿಯನ್ನು ಇಕ್ಕಳದಿಂದ ಮೆಲ್ಲಗೆ ಎಳೆದು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜುತ್ತೇನೆ. ಟ್ಯಾಂಕರ್ ನೀರು ತರಿಸಿದ ವಾರ ಅದರಲ್ಲಿ ನುಣ್ಣನೆಯ ಮರಳು ಕೂತಿರುತ್ತದೆ. ಅಷ್ಟಾದರೂ ಬೀಪ್ ನಿಲ್ಲದಿದ್ದರೆ ಪೌಡರ್ ಹಾಕುವ ಡ್ರಾಯರನ್ನು ಅರ್ಧ ಎಳೆದು, ಬಕೆಟ್ಟಿನಿಂದ ಚೊಂಬಿನಲ್ಲಿ ನೀರೆತ್ತಿ ಸುರಿಯುತ್ತೇನೆ. ಆ ನೀರು ಡ್ರಮ್ಮಿಗೇ ಇಳಿಯುತ್ತದೆ, ಮಟ್ಟ ಅಳೆಯುವ ಸೆನ್ಸರ್‌ಗೆ ಅದು ನಲ್ಲಿಯಿಂದ ಬಂತೋ ಚೊಂಬಿನಿಂದ ಬಂತೋ ತಿಳಿಯುವುದಿಲ್ಲ. ಆದರೆ ಅವಸರ ಮಾಡಿದರೆ ನೀರು ತುಳುಕಿ ಗುಂಡಿಗಳ ಮೇಲೆ ಹರಿಯುತ್ತದೆ. ಪ್ರತಿ ಜಾಲಿಸುವಿಕೆಗೂ ಹೊಸ ನೀರು ಬೇಕಾಗುವುದರಿಂದ ಅಡುಗೆಮನೆಗೂ ಬಾಲ್ಕನಿಗೂ ಓಡಾಡುತ್ತಲೇ ಇರಬೇಕು. ಇದಕ್ಕೆ 'ಫುಲ್ಲಿ ಆಟೋಮ್ಯಾಟಿಕ್' ಎಂಬ ಹೆಸರು ಬೇರೆ.

ಇಷ್ಟೆಲ್ಲ ಗೊಣಗಿಯೂ ಇದನ್ನು ಮಾರುವ ಯೋಚನೆ ನನಗೆ ಬಂದಿಲ್ಲ. ಕರೆಂಟು ಹೋಗಿ ಬಂದರೆ ಯಂತ್ರ ಮೊದಲಿನಿಂದ ಶುರುಮಾಡದೆ, ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಬಡಾವಣೆಯಲ್ಲಿ ಇದು ಸಣ್ಣ ಅನುಕೂಲವಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗಾಗಿ ಸರದಿ ಕಾಯುತ್ತಿದ್ದಾಗ, ಟಾಪ್‌ಲೋಡ್‌ಗಿಂತ ಕಡಿಮೆ ನೀರಿನಲ್ಲಿ ಬೆಡ್‌ಶೀಟುಗಳನ್ನು ಒಗೆದುಕೊಟ್ಟಿದ್ದೂ ಇದೇ.

ಕೆಳಗಿನ ಮಹಡಿಗಳಲ್ಲಿ ಇರುವವರು ನಿಶ್ಚಿಂತೆಯಿಂದ ಕೊಳ್ಳಬಹುದು. ಡೆಲಿವರಿಗೆ ಲಿಫ್ಟ್ ಇದೆಯೇ ಎಂದು ಮತ್ತೆ ಮತ್ತೆ ಕೇಳಿದ ಅಂಗಡಿಯವರು, ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂದು ಒಮ್ಮೆಯೂ ವಿಚಾರಿಸಲಿಲ್ಲ. ಒಂದು ಸ್ಟಾರ್ ಕಡಿಮೆ ಕೊಟ್ಟಿರುವುದು ಅದಕ್ಕೇ.