ಕ್ವಾರ್ಟ್ಸೈಟ್ ಅಂತ ಮಾರಿದ ಮಾರ್ಬಲ್: ಅಡುಗೆ ಕಟ್ಟೆಗೆ ಕಲ್ಲು ಕೊಳ್ಳುವ ಮುಂಚೆ ಓದಿ

ಅಡುಗೆ ಕಟ್ಟೆಗೆ ಬಿಳಿ ಕಲ್ಲು ಹಾಕಿಸಬೇಕು ಅಂತ ಇದ್ದೀರಾ? ವ್ಯಾಪಾರಿ ಅದನ್ನು ಕ್ವಾರ್ಟ್ಸೈಟ್ (ಬಹಳ ಗಟ್ಟಿಯಾದ ಒಂದು ನೈಸರ್ಗಿಕ ಕಲ್ಲು) ಅನ್ನುತ್ತಿದ್ದಾರಾ? ಹಾಗಿದ್ದರೆ ಮುಂಗಡ ಕೊಡುವುದನ್ನು ಸ್ವಲ್ಪ ತಡೆಯಿರಿ.

ನಮಗೆ ಮಾರ್ಬಲ್ಲಿನ ಚೆಂದವೂ ಬೇಕಿತ್ತು, ಗ್ರಾನೈಟಿನ ಗಟ್ಟಿತನವೂ ಬೇಕಿತ್ತು. ಮುಂದೆ ಮನೆ ಮಾರುವ ಯೋಚನೆಯೂ ಇದ್ದದ್ದರಿಂದ ಎಲ್ಲರಿಗೂ ಹಿಡಿಸುವ ತಿಳಿ ಬಣ್ಣವೇ ಇರಲಿ ಅಂದುಕೊಂಡೆವು. ವ್ಯಾಪಾರಿ ಬಿಳಿ ಮೈಯ, ಬೂದು ಗೆರೆಯ ಒಂದು ಸ್ಲ್ಯಾಬ್ ತೋರಿಸಿದರು. "ಇದು ಕ್ವಾರ್ಟ್ಸೈಟ್. ಗ್ರಾನೈಟಿಗಿಂತ ಗಟ್ಟಿ. ಕಣ್ಣು ಮುಚ್ಚಿಕೊಂಡು ಹಾಕಿಸಿ" ಅಂದರು. ಬಿಲ್ಲಿನಲ್ಲಿ ಮಾತ್ರ ಕಲ್ಲಿನ ಜಾತಿ ಬರೆದಿರಲಿಲ್ಲ. ಒಂದು ಚೆಂದದ ಮಾರಾಟದ ಹೆಸರಿತ್ತು, ಅಷ್ಟೇ.

ಬಳಸಲು ಶುರು ಮಾಡಿದ ಸ್ವಲ್ಪ ದಿನಕ್ಕೇ ಸಿಂಕ್ ಪಕ್ಕ ಮಬ್ಬು ಮಚ್ಚೆಗಳು ಕಾಣಿಸಿದವು. ಲೋಟ ಇಟ್ಟ ಕಡೆ ದುಂಡನೆ ಗುರುತು. ಒರೆಸಿದರೂ ಹೋಗಲಿಲ್ಲ, ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಸೀಲರ್, ಅಂದರೆ ಕಲೆ ಇಳಿಯದ ಹಾಗೆ ಕಲ್ಲಿಗೆ ಹಚ್ಚುವ ದ್ರವ, ಸರಿಯಾಗಿ ಕೂತಿಲ್ಲ ಅಂತ ವ್ಯಾಪಾರಿ ಮತ್ತೊಮ್ಮೆ ಸೀಲರ್ ಹೊಡೆಸಿದರು. ಅದಕ್ಕೂ ದುಡ್ಡು ನಾವೇ ಕೊಟ್ಟೆವು. ಮಚ್ಚೆ ಮತ್ತೆ ಬಂದವು. ಕೊನೆಗೆ ಬೇರೆ ಕಡೆಯಿಂದ ಪಾಲಿಶ್ ಮಾಡುವವರನ್ನು ಕರೆಸಿದೆವು. ಅವರು ಬಗ್ಗಿ ನೋಡಿ, ಇದು ಮಾರ್ಬಲ್ ಜಾತಿಯ ಕಲ್ಲು ಅಂತ ಅಲ್ಲೇ ಹೇಳಿಬಿಟ್ಟರು.

ಸೀಲರ್ ಯಾಕೆ ಕೆಲಸ ಮಾಡಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಎಣ್ಣೆಯೋ ಬಣ್ಣವೋ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿದರೆ ಅದು ಕಲೆ. ಸೀಲರ್ ತಡೆಯುವುದು ಅದನ್ನು. ನಮ್ಮ ಕಟ್ಟೆಯನ್ನು ಹಾಳು ಮಾಡಿದ್ದು ಹುಳಿ. ಮಾರ್ಬಲ್ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆ ರಸ, ವಿನೆಗರ್ ಬಿದ್ದರೆ ಅದರ ಮೇಲ್ಮೈಯೇ ಕರಗುತ್ತದೆ, ಹೊಳಪು ಹೋಗುತ್ತದೆ. ಮಾಮೂಲಿ ಸೀಲರ್ ಎಷ್ಟು ಸಲ ಹೊಡೆದರೂ ಇದು ನಿಲ್ಲುವುದಿಲ್ಲ. ನಿಜವಾದ ಕ್ವಾರ್ಟ್ಸೈಟ್ ಮರಳುಗಲ್ಲು ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದದ್ದು. ಅದರಲ್ಲಿ ಇರುವುದು ಹೆಚ್ಚೂಕಡಿಮೆ ಪೂರ್ತಿ ಸಿಲಿಕಾ. ಅಡುಗೆಮನೆಯ ಹುಳಿ ಅದಕ್ಕೆ ಏನೂ ಮಾಡುವುದಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ನೀವು ಕೊಳ್ಳುವ ಸ್ಲ್ಯಾಬಿನದ್ದೇ ಒಂದು ಚೂರು ಕೇಳಿ. ಶೋರೂಮಿನ ಸ್ಯಾಂಪಲ್ ಬೇಡ. ಅದರ ಒಡೆದ ಅಂಚನ್ನು ಗಾಜಿನ ಮೇಲೆ ಒತ್ತಿ ಎಳೆಯಿರಿ. ಗಡಸುತನದ ಮೋಸ್ ಅಳತೆಯಲ್ಲಿ ಗಾಜು ಸುಮಾರು 5.5, ಕ್ವಾರ್ಟ್ಸೈಟ್ 7, ಮಾರ್ಬಲ್ 3ರಿಂದ 4. ಕ್ವಾರ್ಟ್ಸೈಟ್ ಆದರೆ ಗಾಜಿಗೆ ಗೀರು ಬೀಳುತ್ತದೆ. ಮಾರ್ಬಲ್ ಆದರೆ ಬಿಳಿ ಪುಡಿ ಉಳಿಯುತ್ತದೆ, ಒರೆಸಿದರೆ ಗಾಜು ಹಾಗೇ ಇರುತ್ತದೆ. ಒರೆಸದೆ ತೀರ್ಮಾನಿಸಬೇಡಿ, ಪುಡಿಯ ಗೆರೆಯೂ ಗೀರಿನ ಹಾಗೇ ಕಾಣುತ್ತದೆ. ಆಮೇಲೆ ಪಾಲಿಶ್ ಆದ ಮೈ ಮೇಲೆ ನಿಂಬೆ ರಸ ಹಾಕಿ ರಾತ್ರಿಯಿಡೀ ಬಿಡಿ. ತೊಳೆದು, ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಬ್ಬು ಮಚ್ಚೆ ಕಂಡರೆ ಅದು ಮಾರ್ಬಲ್ ಜಾತಿಯದ್ದು. ರಾತ್ರಿಯಿಡೀ ಯಾಕೆ ಅಂದರೆ, ಡಾಲಮೈಟ್ ಮಾರ್ಬಲ್ (ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಇರುವ ಮಾರ್ಬಲ್) ಹುಳಿಗೆ ನಿಧಾನವಾಗಿ ಕರಗುತ್ತದೆ. ಅಂಗಡಿಯಲ್ಲಿ ಒಂದು ಹನಿ ಹಾಕಿ ಎರಡು ನಿಮಿಷಕ್ಕೆ ಒರೆಸಿ "ನೋಡಿ, ಏನೂ ಆಗಿಲ್ಲ" ಅಂದರೆ ನಂಬಬೇಡಿ.

"ಇದು ಸಾಫ್ಟ್ ಕ್ವಾರ್ಟ್ಸೈಟ್" ಅನ್ನುವ ಮಾತೂ ಕೇಳಿಬರುತ್ತದೆ. ಅಂಥದ್ದೊಂದು ಜಾತಿಯ ಕಲ್ಲು ಇಲ್ಲ. ಮೆತ್ತಗಿದ್ದರೆ ಅದು ಬೇರೇನೋ, ಅಲ್ವಾ?

ಸಹವಾಸವೇ ಬೇಡ ಅಂತ ಕ್ವಾರ್ಟ್ಸ್ ಕಡೆ ಹೋಗುವವರಿಗೂ ಒಂದು ಮಾತು. ಹೆಸರು ಹತ್ತಿರವಿದ್ದರೂ ಅದು ಕ್ವಾರ್ಟ್ಸೈಟ್ ಅಲ್ಲ, ಕಾರ್ಖಾನೆಯ ಸರಕು. ತೂಕದಲ್ಲಿ ಸುಮಾರು ಶೇ. 90ರಷ್ಟು ಕ್ವಾರ್ಟ್ಸ್ ಹರಳು, ಪುಡಿ. ಉಳಿದದ್ದು ಹೆಚ್ಚಾಗಿ ರೆಸಿನ್, ಅಂದರೆ ಅವನ್ನು ಹಿಡಿದಿಡುವ ಪ್ಲಾಸ್ಟಿಕ್ಕಿನಂಥ ಅಂಟು. ಹುಳಿಗೆ ಜಗ್ಗುವುದಿಲ್ಲ, ಸೀಲರ್ ಬೇಡ. ಆದರೆ ಒಲೆಯಿಂದ ಇಳಿಸಿದ ಪಾತ್ರೆ ಸೀದಾ ಇಟ್ಟರೆ ರೆಸಿನ್ ಸುಡುತ್ತದೆ, ಆ ಗುರುತು ಹೋಗುವುದು ಕಷ್ಟ. ಬಿಸಿಲು ಜಾಸ್ತಿ ಬೀಳುವ ಕಡೆ ಹಳದಿಗೂ ತಿರುಗಬಹುದು. ಕತ್ತರಿಸುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶ ಹಾಳು ಮಾಡುತ್ತದೆ ಅಂತ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿದೆ. ಕತ್ತರಿಸುವ ಕೆಲಸ ಮನೆಯೊಳಗೆ ಒಣದಾಗಿ ಮಾಡಲು ಯಾರಿಗೂ ಬಿಡಬೇಡಿ. ಕಪ್ಪು ಗ್ರಾನೈಟ್ ಆದರೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಬಳಿದಿದ್ದಾರೆ ಅಂತಲೇ ಲೆಕ್ಕ.

ಮನೆ ಮಾರಾಟಕ್ಕೆ ಇಟ್ಟಾಗ ಬಂದವರು ಕಲ್ಲು ಯಾವುದು ಅಂತ ಕೇಳಲೇ ಇಲ್ಲ. "ಈ ಮಚ್ಚೆ ಏನು?" ಅಂತ ಕೇಳಿದರು. ಅದನ್ನೇ ಹಿಡಿದು ಚೌಕಾಸಿಗೆ ಕೂತರು. ಕಟ್ಟೆಯೇ ಹೀಗಿದ್ದರೆ ಒಳಗಿನ ಪೈಪು ಹೇಗಿರುತ್ತದೋ ಅನ್ನುವ ಅನುಮಾನ ಅವರಿಗೆ. ಆಮೇಲೆ ಪಾಲಿಶಿನವರ ಸಲಹೆಯಂತೆ ಹೊಳಪನ್ನೇ ತೆಗೆಸಿ, ಪೂರ್ತಿ ಮ್ಯಾಟ್ ಮಾಡಿಸಿದೆವು. ಹುಳಿ ಈಗಲೂ ತಿನ್ನುತ್ತದೆ, ಆದರೆ ಅಷ್ಟು ಎದ್ದು ಕಾಣುವುದಿಲ್ಲ. ಮಾರ್ಬಲ್ ಅಂತ ಗೊತ್ತಿದ್ದೇ ಇಷ್ಟಪಟ್ಟು ಹಾಕಿಸುವವರು ಮೊದಲೇ ಹೀಗೆ ಮಾಡಿಸುವುದು ಒಳ್ಳೆಯದು.

ವ್ಯಾಪಾರಿಯ ಹತ್ತಿರ ಮತ್ತೆ ಹೋದರೆ "ನೈಸರ್ಗಿಕ ಕಲ್ಲು ಹೀಗೇ ಇರುತ್ತೆ" ಅಂದರು. ಬಿಲ್ಲಿನಲ್ಲಿ ಕ್ವಾರ್ಟ್ಸೈಟ್ ಅಂತ ಎಲ್ಲೂ ಇಲ್ಲವಲ್ಲ ಅಂತಲೂ ಅಂದರು. ಸುಮ್ನೆ ಬಾಯಿಮಾತಿಗೆ ಒಪ್ಪಬೇಡಿ. ಕಲ್ಲಿನ ಜಾತಿ, ಸ್ಲ್ಯಾಬಿನ ನಂಬರ್, ಪರೀಕ್ಷೆಯಲ್ಲಿ ಬೇರೆ ಕಲ್ಲು ಅಂತ ಗೊತ್ತಾದರೆ ಮುಂಗಡ ವಾಪಸ್ ಅನ್ನುವ ಮಾತು, ಮೂರನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಸಿಂಕಿಗೆ ತೂತು ಕೊರೆಯುವ ಮುಂಚೆಯೇ ಪರೀಕ್ಷೆ ಮುಗಿಸಿ. ಕತ್ತರಿಸಿದ ಸ್ಲ್ಯಾಬನ್ನು ವಾಪಸ್ ತೆಗೆದುಕೊಳ್ಳುವವರನ್ನು ನಾನಂತೂ ನೋಡಿಲ್ಲ.