ಮನುಕಾ ಜೇನು: ಹೆಸರಿಗಿಂತ ಅಂಕಿ ನೋಡಿ ಕೊಳ್ಳಿ

ನಾನು ಈಗ ಬಳಸುತ್ತಿರುವುದು ನ್ಯೂಜಿಲೆಂಡ್‌ನಲ್ಲೇ ಪ್ಯಾಕ್ ಆದ ಮೊನೊಫ್ಲೋರಲ್ ಮನುಕಾ ಜೇನು, ಅಂದರೆ ಹೆಚ್ಚಾಗಿ ಮನುಕಾ ಎಂಬ ಪೊದೆಗಿಡದ ಹೂವಿನಿಂದಲೇ ಬಂದದ್ದು. ಲೇಬಲ್ ಮೇಲೆ ಯುಎಂಎಫ್ (ಮನುಕಾದ ದರ್ಜೆ) 10+, ಎಂಜಿಒ 263+ ಎಂದಿದೆ. ಚಮಚ ಅದ್ದಿದ ಕೂಡಲೇ ಗೊತ್ತಾಗುವುದು ಇದರ ಗಟ್ಟಿತನ. ಸುರಿಯೋಣವೆಂದರೆ ಬೀಳುವುದಿಲ್ಲ, ಜೆಲ್ಲಿಯ ಹಾಗೆ ಕೂತಿರುತ್ತದೆ. ಜೋರಾಗಿ ಕಲಕಿದರೆ ಸಡಿಲವಾಗುತ್ತದೆ, ಬಿಟ್ಟರೆ ಮತ್ತೆ ಬಿಗಿಯಾಗುತ್ತದೆ. ಬಣ್ಣ ಗಾಢ ಕಂದು. ಸಿಹಿಯ ಹಿಂದೆಯೇ ಸಣ್ಣದೊಂದು ಕಹಿ, ಜೊತೆಗೆ ಔಷಧಿಯಂಥ ವಾಸನೆ. ನನಗೆ ಆ ಕಹಿಯೇ ಇಷ್ಟ.

ಅಂಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನುಕಾ ಹೂವಿನ ಮಕರಂದದಲ್ಲಿ ಡಿಎಚ್‌ಎ (ಡೈಹೈಡ್ರಾಕ್ಸಿಅಸಿಟೋನ್) ಎಂಬ ಅಂಶವಿದೆ. ಜೇನಿನಲ್ಲಿ ಅದು ನಿಧಾನವಾಗಿ ಮೀಥೈಲ್‌ಗ್ಲೈಆಕ್ಸಲ್ ಆಗುತ್ತದೆ. ಎಂಜಿಒ ಅಂದರೆ ಅದೇ, ಮನುಕಾದಲ್ಲಿ ಮುಖ್ಯವಾಗಿ ಬ್ಯಾಕ್ಟೀರಿಯಾ ತಡೆಯುವುದೂ ಅದೇ. ಒಂದು ಕೆಜಿ ಜೇನಿನಲ್ಲಿ ಅದು ಕನಿಷ್ಠ 263 ಮಿಲಿಗ್ರಾಂ ಇದೆ ಅಂತ ಲೆಕ್ಕ. ಯುಎಂಎಫ್ 15+ ಆದರೆ 514, 20+ ಆದರೆ 829. ಬೇರೆ ಜೇನುಗಳು ಬ್ಯಾಕ್ಟೀರಿಯಾ ತಡೆಯುವುದು ಹೆಚ್ಚಾಗಿ ಹೈಡ್ರೋಜನ್ ಪೆರಾಕ್ಸೈಡ್‌ನಿಂದ. ಅದನ್ನು ತೆಗೆದರೂ ಮನುಕಾದ ಶಕ್ತಿ ಉಳಿಯುತ್ತದೆ ಎಂದು 1980ರ ದಶಕದಲ್ಲಿ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೊಲನ್ ತೋರಿಸಿದರು. ಇದರ ಹೆಸರು ಬೆಳೆದದ್ದು ಅಲ್ಲಿಂದಲೇ.

ಮಲ್ಟಿಫ್ಲೋರಲ್ ಕೂಡ ಸಿಗುತ್ತದೆ. ಅದರಲ್ಲಿ ಬೇರೆ ಹೂಗಳ ಪಾಲು ಜಾಸ್ತಿ, ರುಚಿ ಮೆದು. ಕಹಿ ಬೇಡ ಅನ್ನುವವರಿಗೆ ಅದು ಸಾಕು. 2018ರಿಂದ ನ್ಯೂಜಿಲೆಂಡ್‌ನಿಂದ ರಫ್ತಾಗುವ ಮನುಕಾ 4 ರಾಸಾಯನಿಕ ಗುರುತು, 1 ಡಿಎನ್ಎ ಗುರುತಿನ ಪರೀಕ್ಷೆ ದಾಟಲೇಬೇಕು. ಹಾಗಾಗಿ ಅಲ್ಲೇ ಪ್ಯಾಕ್ ಆದದ್ದನ್ನು ನಾನು ಹೆಚ್ಚು ನಂಬುತ್ತೇನೆ. ಬರೀ ‘ಆಕ್ಟಿವ್’ ಎಂದು ಬರೆದು ಎಂಜಿಒ ಹೇಳದ ಡಬ್ಬಿಯನ್ನು ಮುಟ್ಟುವುದಿಲ್ಲ.

ಗಂಟಲು ಕೆರೆಯುವಾಗ ಒಂದು ಚಮಚ ಬಾಯಲ್ಲಿಟ್ಟು ನಿಧಾನವಾಗಿ ನುಂಗಿದರೆ ಹಾಯೆನಿಸುತ್ತದೆ. ಆದರೆ ಒಳ್ಳೆಯ ಸಾದಾ ಜೇನೂ ಈ ಕೆಲಸ ಮಾಡುತ್ತದೆ. ಮನುಕಾದ ನಿಜವಾದ ಬಲ ಇರುವುದು ಗಾಯದ ಚಿಕಿತ್ಸೆಯಲ್ಲಿ. ಅದಕ್ಕೆ ಆಸ್ಪತ್ರೆಗಳು ಬಳಸುವುದು ಗಾಮಾ ಕಿರಣದಿಂದ ಶುದ್ಧ ಮಾಡಿದ ಬೇರೆಯದೇ ದರ್ಜೆಯ ಜೇನು. ತಿನ್ನುವ ಡಬ್ಬಿಯಿಂದ ತೆಗೆದು ಗಾಯಕ್ಕೆ ಹಚ್ಚಬೇಡಿ. ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನೂ ಬೇಡ, ಬಾಟುಲಿಸಮ್ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದೂ ಸಕ್ಕರೆಯೇ, ಅಲ್ವಾ?

ಸುಮ್ನೆ ತಿನ್ನುವುದಕ್ಕೆ 20+ ಕೊಳ್ಳುವುದು ದುಂದು. ಈ ಡಬ್ಬಿ ಮುಗಿದ ಮೇಲೂ ನಾನು ತರುವುದು 10+ ಅನ್ನೇ.