ಕೀಟೋಕೊನಜೋಲ್ ಶಾಂಪೂ: ಎರಡೂವರೆ ವರ್ಷ ಬಳಸಿದ ಮೇಲೆ

ರಾತ್ರಿ ನಿದ್ದೆಗಣ್ಣಲ್ಲೂ ತಲೆ ಕೆರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಉಗುರಿನ ಸಂದಿಯಲ್ಲಿ ಜಿಡ್ಡು ಜಿಡ್ಡಾದ ಹಳದಿ ಹೊಟ್ಟು. ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ ಕೂದಲು. ಕಪ್ಪು ಬಟ್ಟೆ ಹಾಕುವುದನ್ನೇ ಬಿಟ್ಟಿದ್ದೆ.

"ನೆತ್ತಿ ಒಣಗಿದೆ ಕಣೇ" ಅಂತ ಅಮ್ಮ ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಟ್ಟುತ್ತಿದ್ದರು. ಆ ರಾತ್ರಿ ಹಾಯೆನಿಸುತ್ತಿತ್ತು. ಮೂರನೇ ದಿನಕ್ಕೆ ಮತ್ತೆ ಅದೇ ಕೆರೆತ. ಮೆಂತ್ಯ, ಮೊಸರು ಎಲ್ಲ ಆಯಿತು. ನಿಂಬೆರಸ ಹಚ್ಚಿದ ದಿನವಂತೂ ಕೆರೆದ ಗಾಯ ಉರಿದು ಕಣ್ಣಲ್ಲಿ ನೀರು ಬಂತು. ದಯವಿಟ್ಟು ಅದನ್ನು ಮಾಡಬೇಡಿ.

ಚರ್ಮದ ಡಾಕ್ಟರು ನೋಡಿ ಸೆಬೊರಿಕ್ ಡರ್ಮಟೈಟಿಸ್ ಅಂದರು, ಅಂದರೆ ನೆತ್ತಿ ಕೆರಳಿ ಜಿಡ್ಡು ಹೊಟ್ಟು ಏಳುವ ಚರ್ಮದ ತೊಂದರೆ. ಮಲಸೀಜಿಯ ಅನ್ನುವ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಜಿಡ್ಡು ತಿಂದು ಬದುಕುತ್ತದೆ. ಕೆಲವರ ಚರ್ಮ ಅದಕ್ಕೆ ಕೆರಳುತ್ತದೆ. ನಾವು ಹಚ್ಚುತ್ತಿದ್ದ ಎಣ್ಣೆ ಅದಕ್ಕೇ ಊಟವಾಗುತ್ತಿತ್ತು. ಅಮ್ಮನಿಗೆ ಇದನ್ನು ಹೇಳುವಾಗ ನನಗೆ ತುಂಬಾ ಕಷ್ಟವಾಯಿತು.

ಬರೆದುಕೊಟ್ಟದ್ದು ಆ ಯೀಸ್ಟನ್ನು ಹತ್ತಿಕ್ಕುವ 2% ಕೀಟೋಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ, ನಾಲ್ಕು ವಾರ. ಮೊದಲೆರಡು ವಾರ ಏನೂ ಆಗಲಿಲ್ಲ. ಕಾರಣ, ಮಾಮೂಲಿ ಶಾಂಪೂ ತರಹ ನೊರೆ ಬಂದ ಕೂಡಲೇ ತೊಳೆದುಬಿಡುತ್ತಿದ್ದೆ. ಇದು ಔಷಧಿ. ಜಡೆಗಲ್ಲ, ನೆತ್ತಿಗೆ ಹಚ್ಚಬೇಕು. ಐದು ನಿಮಿಷ ಬಿಡಬೇಕು. ಬಚ್ಚಲಲ್ಲಿ ಗಡಿಯಾರ ನೋಡಿಕೊಂಡು ನಿಲ್ಲಲು ಶುರು ಮಾಡಿದೆ. ಹತ್ತು ದಿನಕ್ಕೆ ತುರಿಕೆ ಇಳಿಯಿತು. ಎಷ್ಟೋ ತಿಂಗಳ ಮೇಲೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದೆ.

ಕೂದಲಿನ ವಿಷಯ ಅಷ್ಟು ಬೇಗ ಸರಿಹೋಗಲಿಲ್ಲ. ಉದುರುವುದು ಕಡಿಮೆಯಾಗಲು ನಾಲ್ಕು ತಿಂಗಳು ಹಿಡಿಯಿತು. ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಅಳತೆ) ಕಡಿಮೆ ಬಂದು ಕಬ್ಬಿಣದ ಮಾತ್ರೆಯನ್ನೂ ತಗೊಂಡೆ. ಹಾಗಾಗಿ ಎಲ್ಲ ಶಾಂಪೂವಿನಿಂದಲೇ ಆಯಿತು ಅನ್ನಲಾರೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ ಅಂತ ಗೊತ್ತಾದ ಮೇಲೆ ಹೆದರಿಕೆಯೂ ಇಳಿಯಿತು. ಬೈತಲೆ ಅಗಲವಾಗುತ್ತಿದ್ದರೆ, ದುಂಡಗೆ ಬೋಳಾಗುತ್ತಿದ್ದರೆ ಅದು ಬೇರೆ ಸಮಸ್ಯೆ, ಸುಮ್ನೆ ಈ ಬಾಟಲಿ ತರಬೇಡಿ, ಡಾಕ್ಟರಿಗೆ ತೋರಿಸಿ.

ಕೊರತೆಯೂ ಇದೆ. ಕೂದಲು ನಾರಿನಂತಾಗುತ್ತದೆ, ತುದಿಗೆ ಕಂಡೀಷನರ್ ಬೇಕೇ ಬೇಕು. ಬಾಟಲಿ ಚಿಕ್ಕದು, ಉದ್ದ ಕೂದಲಿನವರಿಗೆ ಬೇಗ ಮುಗಿಯುತ್ತದೆ. ಪೂರ್ತಿ ವಾಸಿಯೂ ಆಗುವುದಿಲ್ಲ. ತಂಗಿಯ ಮದುವೆ ಗಡಿಬಿಡಿಯಲ್ಲಿ ಎರಡು ತಿಂಗಳು ಬಿಟ್ಟೆ, ಕಿವಿಯ ಹಿಂದಿನಿಂದ ಮತ್ತೆ ಹೊಟ್ಟು ಶುರುವಾಯಿತು. ಈಗ ಹತ್ತು ದಿನಕ್ಕೊಮ್ಮೆ ಹಚ್ಚುವುದನ್ನು ತಪ್ಪಿಸುವುದಿಲ್ಲ.

ಅಮ್ಮ ಈಗಲೂ ಭಾನುವಾರ ಎಣ್ಣೆ ಬಟ್ಟಲು ಹಿಡಿದು ಬರುತ್ತಾರೆ. ನೆತ್ತಿ ಮುಟ್ಟುವುದಿಲ್ಲ. ಜಡೆಯ ತುದಿಗೆ ಮಾತ್ರ ಸವರಿ, ನಿಧಾನಕ್ಕೆ ಸಿಕ್ಕು ಬಿಡಿಸುತ್ತಾರೆ.